ಕೈಗಡಿಯಾರ ಕಟ್ಟಿದ ಮುತ್ತಜ್ಜಿ

ಎಲ್ಲಕ್ಕೂ ಮೂಲ ಒಂದು ಮೋಟು ಪೆನ್ಸಿಲ್. ಅದು ಯಾವಾಗಲೂ ಓರೆ ಎಂಬವನ ಬಲಗಿವಿಯ ಹಿಂದೆ, ಗೂಡಿನಲ್ಲಿ ಕೂತ ಗುಬ್ಬಿಯಂತೆ, ಕೂತಿರುತ್ತಿತ್ತು. ಆವತ್ತು ಬೆಳಿಗ್ಗೆ ಕೈ ಹಾಕಿದರೆ ಕಿವಿ ಬರಿದು. ಮೇಜಿನ ಕೆಳಗೆ ಹುಡುಕಿದ, ಗಾಜಿನ ಚೂರುಗಳ ನಡುವೆ ಹುಡುಕಿದ, ಅಂಟಿನ ಡಬ್ಬಿಯೊಳಗೂ ಇಣುಕಿದ. ಸಿಗಲಿಲ್ಲ. ಒಂದು ದಿನ ಪೆನ್ಸಿಲ್ ಇಲ್ಲದಿದ್ದರೆ ಏನು ಮುಳುಗಿಹೋಗುತ್ತದೆ ಎಂದುಕೊಂಡ. ಮುಳುಗಿದ್ದು ಅಲ್ಲೇ.

ಓರೆ ಎಂಬುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಅವನಿಗೆ ಇಪ್ಪತ್ತು ವರ್ಷದ ಕೆಲಸ. ಮರದ ಪಟ್ಟಿ ಕೊಯ್ಯುವುದರಲ್ಲಿ, ಮೂಲೆ ಕೂಡಿಸುವುದರಲ್ಲಿ, ಗಾಜು ಕೂರಿಸುವುದರಲ್ಲಿ ಅವನ ಕೈ ಬಲು ಶುದ್ಧ. ಆದರೆ ಅದೇ ಫೋಟೋವನ್ನು ಗೋಡೆಗೆ ತಗಲಿಸುವಾಗ ಕೈಗೆ ಏನಾಗುತ್ತಿತ್ತೋ ದೇವರೇ ಬಲ್ಲ. ಕಾಲು ಅಂಗುಲ ಎಡಕ್ಕೆ ವಾಲಿಬಿಡುತ್ತಿತ್ತು. ಮನೆಯವರು ನೋಡಿ ನೋಡಿ ಓರೆ ಎಂದು ಕರೆದರು. ಆಮೇಲೆ ಬೀದಿಯವರು ಕರೆದರು. ಕೊನೆಗೆ ಅವನ ಹೆಂಡತಿಯೂ ಸಿಟ್ಟು ಬಂದಾಗ ಕರೆಯತೊಡಗಿದಳು.

ಹಾಗೆ ಕರೆಯದೆ ಇದ್ದವಳು ಒಬ್ಬಳೇ, ಅವನ ಮುತ್ತಜ್ಜಿ. ಅವನು ಏನೇ ತಗಲಿಸಲಿ, ಅದರ ಮುಂದೆ ನಿಂತು, ಕತ್ತನ್ನು ಎಡಕ್ಕೆ ಕೊಂಚ ವಾಲಿಸಿ ನೋಡಿ, "ನೆಟ್ಟಗೇ ಇದೆಯಲ್ಲೋ" ಎನ್ನುತ್ತಿದ್ದಳು. ಬೇರೆಯವರು ಓರೆಯಾಗಿದೆ ಎಂದರೆ, "ನಿಮ್ಮ ಕತ್ತು ಸರಿ ಇಲ್ಲ" ಎಂದು ಅವರನ್ನೇ ಗದರಿಸುತ್ತಿದ್ದಳು.

ಮುತ್ತಜ್ಜಿ ತೊಂಬತ್ತೇಳು ವರ್ಷ ಬದುಕಿದಳು. ಒಂಬತ್ತು ಮಕ್ಕಳನ್ನು ಹೆತ್ತು, ಆ ಮಕ್ಕಳ ಮಕ್ಕಳನ್ನೂ, ಅವರ ಮಕ್ಕಳನ್ನೂ ಎತ್ತಿ ಆಡಿಸಿದಳು. ಆಕೆಗೆ ಇದ್ದದ್ದು ಒಂದೇ ಕೆಲಸ, ತಲೆ ಎಣಿಸುವುದು. ಸಂಜೆಯಾದರೆ ಬಾಗಿಲಲ್ಲಿ ನಿಂತು ಒಂದು, ಎರಡು, ಮೂರು ಎಂದು ಎಣಿಸುವಳು. ಎಣಿಕೆ ಸರಿಹೋಗುವ ತನಕ ಬಾಗಿಲು ಹಾಕುವಂತಿರಲಿಲ್ಲ, ತಾನೂ ತಟ್ಟೆಯ ಮುಂದೆ ಕೂರುತ್ತಿರಲಿಲ್ಲ. ಎಂಬತ್ತು ದಾಟಿದಾಗ ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಎಂದರು. ಮುತ್ತಜ್ಜಿ ಆತನ ವಯಸ್ಸು ಕೇಳಿದಳು. ಮೂವತ್ತೆರಡು ಎಂದಾಗ, "ಹೋಗಿ ನಿಮ್ಮಮ್ಮನ್ನ ಕರ್ಕೊಂಡು ಬಾಪ್ಪ, ನಾನು ಅವಳ ಹತ್ರ ಮಾತಾಡ್ತೀನಿ" ಎಂದು ಎದ್ದು ನಿಂತಳು. ಮುಂದೆ ಹದಿನೇಳು ವರ್ಷ ಕೂರಲಿಲ್ಲ.

ಇಂಥವಳ ಫೋಟೋ ಮಾತ್ರ ಮನೆಯಲ್ಲಿ ಒಂದೂ ಇರಲಿಲ್ಲ. ಮದುವೆಯದು, ಮಗು ಹುಟ್ಟಿದ್ದು, ಮನೆ ಕಟ್ಟಿದ್ದು ಎಂದು ಗುಂಪು ಫೋಟೋಗಳೇನೋ ಒಂದು ಚೀಲ ತುಂಬ ಇದ್ದವು. ಎಲ್ಲದರಲ್ಲೂ ಆಕೆ ಇದ್ದಳು, ಆದರೆ ಮುಖ ಇರಲಿಲ್ಲ. ಫೋಟೋದವನು ಸಿದ್ಧ ಎನ್ನುವ ಗಳಿಗೆಗೆ ಸರಿಯಾಗಿ ಎಲ್ಲರೂ ಬಂದರೋ ಇಲ್ಲವೋ ಎಂದು ಹಿಂದೆ ತಿರುಗಿ ಎಣಿಸುತ್ತಿದ್ದಳು. ಹಾಗಾಗಿ ಒಂದರಲ್ಲಿ ಬೆನ್ನು, ಇನ್ನೊಂದರಲ್ಲಿ ಮೊಣಕೈ, ಮತ್ತೊಂದರಲ್ಲಿ ಎಣಿಸುವ ಬೆರಳು. ಆಕೆಯೊಬ್ಬಳದೇ ಫೋಟೋ ತೆಗೆಸೋಣ ಎಂದರೆ, "ನಾನೊಬ್ಳೇ ಹೋಗಿ ಏನು ಮಾಡ್ಲಿ ಅಲ್ಲಿ" ಎಂದುಬಿಡುತ್ತಿದ್ದಳು.

ಬದುಕಿದ್ದರೆ ಆವತ್ತಿಗೆ ಅವಳಿಗೆ ನೂರು ತುಂಬುತ್ತಿತ್ತು. ದೊಡ್ಡಪ್ಪನ ಮನೆಯ ದೊಡ್ಡ ಕೋಣೆಯಲ್ಲಿ ನೆಂಟರೆಲ್ಲ ಸೇರಿ ಅವಳನ್ನು ನೆನೆಯುವುದೆಂದು ನಿಶ್ಚಯವಾಗಿತ್ತು. ಫೋಟೋ ಇಲ್ಲದೆ ಹೇಗೆ ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ, ಇದೆ ಎಂದವನು ಓರೆ. ಏಳು ವರ್ಷದವನಿದ್ದಾಗ ಅವನು ಮುತ್ತಜ್ಜಿಯ ಪೆಟ್ಟಿಗೆಯ ತಳದಲ್ಲಿ, ಕಂಬಳಿಯ ಕೆಳಗೆ, ಒಂದು ಹಳೆಯ ಕಟ್ಟು ಹಾಕಿದ ಫೋಟೋ ನೋಡಿದ್ದ. ಮೂವತ್ತರ ಹೆಂಗಸೊಬ್ಬಳು ಗಲ್ಲಕ್ಕೆ ಕೈ ಕೊಟ್ಟುಕೊಂಡು ನಗುತ್ತಿದ್ದಳು. ಯಾರಿದು ಎಂದು ಕೇಳಿದ್ದಕ್ಕೆ ಮುತ್ತಜ್ಜಿ ರೆಪ್ಪೆ ಕೂಡ ಮಿಟುಕಿಸದೆ, "ನಾನೇ ಕಣೋ. ಯಾರಿಗೂ ಹೇಳ್ಬೇಡ" ಎಂದಿದ್ದಳು. ಅವನು ಮೂವತ್ತಾರು ವರ್ಷ ಹೇಳಿರಲಿಲ್ಲ. ಈಗ ಹೋಗಿ ಪೆಟ್ಟಿಗೆ ತೆಗೆದರೆ ಕಂಬಳಿಯ ಕೆಳಗೆ ಅದು ಹಾಗೇ ಇತ್ತು.

ಆಕೆಯ ಒಂಬತ್ತು ಮಕ್ಕಳಲ್ಲಿ ಉಳಿದಿದ್ದವಳು ಒಬ್ಬಳೇ ಮಗಳು, ಅಂದರೆ ಓರೆಯ ಅಜ್ಜಿ, ದೊಡ್ಡಪ್ಪನ ತಾಯಿ. ಅವಳಿಗೆ ಪೊರೆ ಬಂದು ಕಣ್ಣು ಕಾಣಿಸದೆ ಐದಾರು ವರ್ಷವಾಗಿತ್ತು. ಫೋಟೋ ಸಿಕ್ಕಿತು ಎಂದು ಹೇಳಿದಾಗ, "ಅವ್ವನ ಫೋಟೋನಾ?" ಎಂದು ಎರಡು ಸಲ ಕೇಳಿ, ಸುಮ್ಮನಾಗಿದ್ದಳು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದು ಮನೆಯವರು ತಿಳಿದರು. ಅವಳ ಕಣ್ಣಿನ ಆಪರೇಷನ್ ಆಗಿ, ಪಟ್ಟಿ ಬಿಚ್ಚುವುದು ಅದೇ ದಿನ ಎಂದು ಗೊತ್ತಾದ ಮೇಲೆ ದೊಡ್ಡಪ್ಪ ಒಂದು ಏರ್ಪಾಟು ಮಾಡಿದರು. ಓರೆಯ ಸೋದರತ್ತೆಯ ಗಂಡ ಅಜ್ಜಿಗೆ ಕಪ್ಪು ಕನ್ನಡಕ ಹಾಕಿಸಿ, ಕಣ್ಣು ಮುಚ್ಚಿಕೊಂಡೇ ಇರಲು ಹೇಳಿ, ಆಸ್ಪತ್ರೆಯಿಂದ ಐದು ಗಂಟೆಗೆ ಕರೆತರಬೇಕು. ಕನ್ನಡಕ ತೆಗೆದು ಅವಳು ಮೊದಲು ನೋಡುವುದು ತನ್ನ ತಾಯಿಯ ಮುಖವನ್ನೇ ಆಗಬೇಕು.

ಕಟ್ಟು ಹಾಕಲು ದೊಡ್ಡ ಅಂಗಡಿಗೆ ಕೊಡೋಣ ಎಂದರು ದೊಡ್ಡಪ್ಪ. ಓರೆ ಒಪ್ಪಲಿಲ್ಲ. ಮುತ್ತಜ್ಜಿ ಕಣ್ಣು ಮುಚ್ಚಿದ ದಿನ ಅವನು ಅಂಗಡಿಯಲ್ಲಿ ಯಾರದೋ ಮನೆಯ ನಾಯಿಯ ಫೋಟೋಗೆ ಗಾಜು ಕೂರಿಸುತ್ತಾ ಕುಳಿತಿದ್ದ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಮುಳ್ಳು ಅವನ ಎದೆಯಲ್ಲಿ ಹಾಗೇ ಇತ್ತು. ನಾನೇ ಹಾಕ್ತೀನಿ, ನಾನೇ ತಗಲಿಸ್ತೀನಿ, ಅಲ್ಲೀತನಕ ಯಾರಿಗೂ ತೋರಿಸಲ್ಲ ಎಂದು ಹಟ ಹಿಡಿದ. ದೊಡ್ಡಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು:

"ಆಗಲಿ. ಆದ್ರೆ ಇದೊಂದರಲ್ಲಿ ಎಡವಟ್ಟು ಮಾಡಿದ್ಯೋ, ಇನ್ನು ಮುಂದೆ ಈ ಮನೆ ಗೋಡೆಗೆ ನೀನು ಮೊಳೆ ಹೊಡೆಯೋದು ಬೇಡ."

ಓರೆ ಹಳೆಯ ಕಟ್ಟನ್ನು ಬಿಚ್ಚಿದ. ಚಿತ್ರದ ಕೆಳಗಿನ ಅಂಚು ಪಟ್ಟಿಯೊಳಗೆ ಮುಚ್ಚಿಹೋಗಿತ್ತು. ಅಲ್ಲಿ ಸಣ್ಣಕ್ಕೆ ಹತ್ತು, ಹನ್ನೆರಡು ಎಂದು ಅಂಕಿಗಳು ಅಚ್ಚಾಗಿದ್ದವು. ತೆಗೆದ ತಾರೀಖಿರಬೇಕು, ಡಿಸೆಂಬರ್ ಹತ್ತು, ಎಂದುಕೊಂಡು ಆ ಅಂಕಿಗಳಿಗೂ ಒಮ್ಮೆ ಕೈ ಮುಗಿದ. ಅವನ ಬೆನ್ನ ಹಿಂದೆ ಅಂಗಡಿಯ ಗೋಡೆಯಲ್ಲಿ ಮಾರಾಟದ ಫ್ರೇಮುಗಳು ಸಾಲಾಗಿ ತೂಗುತ್ತಿದ್ದವು. ಖಾಲಿ ಫ್ರೇಮು ಯಾರೂ ಕೊಳ್ಳುವುದಿಲ್ಲವೆಂದು ಕಾರ್ಖಾನೆಯವರು ಒಳಗೆ ಒಂದೊಂದು ನಗುಮುಖ ಇಟ್ಟು ಕಳಿಸುತ್ತಾರೆ. ಯಾರ ಅಕ್ಕನೂ ಅಲ್ಲದ, ಯಾರ ತಂಗಿಯೂ ಅಲ್ಲದ ಆ ಹೆಂಗಸರು ಹಗಲೆಲ್ಲ ಅವನ ಬೆನ್ನು ನೋಡಿ ನಗುತ್ತಲೇ ಇದ್ದರು. ವ್ಯಾಪಾರ ಇಲ್ಲದ ಹೊತ್ತಿನಲ್ಲಿ ಮಾಲೀಕ ಅವರ ಜೊತೆ ಮಾತಾಡುವುದೂ ಇತ್ತು.

ಪೆನ್ಸಿಲ್ ಕಳೆದ ಅದೇ ಬೆಳಿಗ್ಗೆ ಇನ್ನೊಂದು ಫೋಟೋದ ಕೆಲಸವೂ ಮುಗಿಯಿತು. ಅದು ಯಾರೋ ಮೇಡಂ ಕೊಟ್ಟದ್ದು, ಅದೂ ಮೂವತ್ತರ ಹೆಂಗಸಿನ ಹಳೆಯ ಫೋಟೋ, ಅಳತೆಯೂ ಅದೇ. ಎರಡನ್ನೂ ಬೇರೆ ಬೇರೆಯಾಗಿ, ಒಂದೇ ಥರದ ಕಂದು ಕಾಗದದಲ್ಲಿ ಸುತ್ತಿ ಒಂದೇ ಥರದ ದಾರದಿಂದ ಬಿಗಿದು, ಹೆಸರು ಬರೆಯಲು ಕಿವಿಗೆ ಕೈ ಹಾಕಿದ. ಪೆನ್ಸಿಲ್ ಇಲ್ಲ. ಬಲಗಡೆಯದು ನಮ್ಮದು, ಎಡಗಡೆಯದು ಅವರದು ಎಂದು ಮನಸ್ಸಿನಲ್ಲೇ ಬರೆದುಕೊಂಡು ಅಂಟು ತೊಳೆಯಲು ಹಿತ್ತಲಿಗೆ ಹೋದ. ಅಷ್ಟರಲ್ಲಿ ಮಾಲೀಕ ಚಹಾದ ಲೋಟ ಇಡಲು ಜಾಗ ಮಾಡಿದ. ಪೊಟ್ಟಣಗಳು ಅತ್ತಿಂದಿತ್ತ ಆದವು.

ಹನ್ನೆರಡೂವರೆಗೆ ಓರೆ ದೊಡ್ಡಪ್ಪನ ಮನೆಯಲ್ಲಿ ಸ್ಟೂಲು ಹತ್ತಿದ್ದ. ಹೊಸ ಸುಣ್ಣದ ಗೋಡೆ, ಕೆಳಗೆ ಸ್ಟೂಲು ಹಿಡಿದುಕೊಳ್ಳಲು ಒಬ್ಬರು, ಸಲಹೆ ಕೊಡಲು ಹದಿನಾಲ್ಕು ಮಂದಿ. ಮೊಳೆ ಹೊಡೆದು, ಪೊಟ್ಟಣವನ್ನು ಹಿಂಬದಿಯಿಂದ ಬಿಚ್ಚಿ, ಕಣ್ಣನ್ನು ಮೊಳೆಯ ಮೇಲೇ ಇಟ್ಟು ತಂತಿಯನ್ನು ಅದಕ್ಕೆ ಸಿಕ್ಕಿಸಿದ. ಅವನಿಗೆ ಮುಖ ಕಾಣುವ ಮೊದಲೇ ಹಿಂದಿನಿಂದ ಅತ್ತೆ ಅಳತೊಡಗಿದಳು.

"ಅಜ್ಜಿ ಕಣೋ, ನಮ್ಮಜ್ಜೀನೇ. ಆ ಕಣ್ಣು ನೋಡು, ಈಗ ಎದ್ದು ಬಂದು ನನ್ನ ಕಿವಿ ಹಿಂಡ್ತಾಳೆ ಅನ್ನೋ ಹಾಗಿದೆ."

ಓರೆ ಹೆಮ್ಮೆಯಿಂದ ಸ್ಟೂಲು ಇಳಿದು, ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆಯೆತ್ತಿದ. ಗೋಡೆಯ ಮೇಲಿಂದ ಯಾರೋ ಹೆಂಗಸು ಅವನನ್ನು ದುರುಗುಟ್ಟಿ ನೋಡುತ್ತಿದ್ದಳು. ನಗು ಇಲ್ಲ, ಗಲ್ಲಕ್ಕೆ ಕೈ ಇಲ್ಲ. ಕೋಲು ನಿಲ್ಲಿಸಿದ ಹಾಗೆ ಕೂತಿದ್ದಾಳೆ. ಎಡಗೈಯಲ್ಲಿ ದೊಡ್ಡದೊಂದು ಕೈಗಡಿಯಾರ.

"ದೊಡ್ಡಪ್ಪ, ಇದು ನಮ್ಮ ಮುತ್ತಜ್ಜಿ ಅಲ್ಲ."

ದೊಡ್ಡಪ್ಪ ಅವನನ್ನು ಕನಿಕರದಿಂದ ನೋಡಿದರು. ತಂದವನೂ ನೀನೇ, ತಗಲಿಸಿದವನೂ ನೀನೇ, ಈಗ ಅಲ್ಲ ಅನ್ನುವವನೂ ನೀನೇಯಾ ಎಂದು ಕೇಳಿದರು. ಮೂವತ್ತರ ವಯಸ್ಸಿನಲ್ಲಿ ಅಜ್ಜಿಯನ್ನು ನೀನು ನೋಡಿದ್ದೀಯಾ ಎಂದು ಅತ್ತೆ ಸವಾಲು ಹಾಕಿದಳು. ಓರೆ ಕೈಗಡಿಯಾರದ ಕಡೆ ಬೆರಳು ತೋರಿಸಿದ. ಹೊತ್ತು ಎಷ್ಟಾಯಿತೆಂದು ನೆರಳು ನೋಡಿ ಹೇಳುತ್ತಿದ್ದವಳಿಗೆ ಕೈಗಡಿಯಾರ ಎಲ್ಲಿಂದ ಬರಬೇಕು.

ಎಲ್ಲರೂ ಗಡಿಯಾರದ ಕಡೆ ಬಗ್ಗಿ ನೋಡಿದರು. ಆಮೇಲೆ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು.

"ಇತ್ತು. ತಾತ ಕೊಡಿಸಿದ್ದು."

ಅಷ್ಟು ಸಾಕಾಯಿತು. ಅತ್ತೆಗೆ ಆ ಗಡಿಯಾರದ ಟಿಕ್ ಟಿಕ್ ಸದ್ದು ಜೋಗುಳದಂತೆ ಕೇಳುತ್ತಿದ್ದದ್ದು ನೆನಪಾಯಿತು. ಅದನ್ನು ಬಿಚ್ಚದೆಯೇ ಬಟ್ಟೆ ಒಗೆಯುತ್ತಿದ್ದಳು ಎಂದು ಇನ್ನೊಬ್ಬಳು ಹೇಳಿದಳು. ಕಷ್ಟದ ವರ್ಷದಲ್ಲಿ ಮಕ್ಕಳ ಪುಸ್ತಕಕ್ಕೆಂದು ಅದನ್ನು ಮಾರಿದಳಂತೆ ಎಂದು ಮೂಲೆಯಿಂದ ಒಂದು ದನಿ ಬಂತು. ಆ ಮಾತಿಗೆ ಮೂರು ಜನ ಕಣ್ಣೊರೆಸಿಕೊಂಡರು. ಐದು ನಿಮಿಷದ ಹಿಂದೆ ಹುಟ್ಟಿದ ಗಡಿಯಾರ ಹೀಗೆ ಎಲ್ಲರ ಕಣ್ಣೆದುರೇ ಬೆಳೆದು, ದುಡಿದು, ತ್ಯಾಗವನ್ನೂ ಮಾಡಿ ಮುಗಿಸಿತು.

ಅಜ್ಜಿ ಬರುವುದು ಐದಕ್ಕೆ. ಓರೆ ಸೈಕಲ್ ಹತ್ತಿದ.

ಅಂಗಡಿಯಲ್ಲಿ ಮಾಲೀಕ, ಇನ್ನೊಂದು ಪೊಟ್ಟಣವನ್ನು ಆ ಮೇಡಂ ಈಗ ತಾನೆ ಒಯ್ದರು ಎಂದ. ಯಾವ ಮೇಡಂ ಎಂದರೆ, ಗೊತ್ತಿಲ್ಲವೇ, ತಕ್ಕಡಿ ಮೇಡಂ ಎಂದ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವರು. ಅವರು ಬೀದಿಯ ಈ ತುದಿಗೆ ಕಾಲಿಟ್ಟರೆ ಆ ತುದಿಯ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವಂತೆ. ನಿವೃತ್ತಿಯಾಗಿ ಇಪ್ಪತ್ತು ವರ್ಷವಾದರೂ ತರಕಾರಿ ಮಾರುವವರು ಅವರನ್ನು ಕಂಡರೆ ಕೇಳದೆಯೇ ಒಂದು ಹಿಡಿ ಜಾಸ್ತಿ ಹಾಕುತ್ತಿದ್ದರು. ಅವರು ಅದನ್ನು ಎಣಿಸಿ ವಾಪಸು ಕೊಡುತ್ತಿದ್ದರು.

ಓರೆ ಅವರ ಮನೆ ಹುಡುಕಿಕೊಂಡು ಹೋದ. ಮೂರನೇ ಮಹಡಿ ಹತ್ತಿದರೆ ಬೀಗ. ಕೆಳಗೆ ಇಸ್ತ್ರಿ ಮಾಡುವವನು ಪೆಟ್ಟಿಗೆಯ ಮೇಲೆ ಕೈಯೂರಿ ಇದನ್ನೆಲ್ಲ ನೋಡುತ್ತಿದ್ದ.

"ಬಂದ್ರು, ಮೇಲೆ ಹೋದ್ರು, ಕಾಗದ ಹರಿಯೋ ಸದ್ದು ಕೇಳಿಸ್ತು. ಆಮೇಲೆ ಒಂದೇ ಮಾತು. ಇದು ನಾನಲ್ಲ, ಅಂದ್ರು. ಇಳಿದು ಹೋದ್ರು. ಎಪ್ಪತ್ತೊಂಬತ್ತು ವಯಸ್ಸು ಅವರಿಗೆ, ನಡಿಗೆ ನೋಡಿದ್ರೆ ನನಗೇ ಸುಸ್ತು."

ಎಲ್ಲಿಗೆ ಹೋದರು ಎಂದು ಕೇಳಿದರೆ, ಫೋಟೋ ಹಾಳು ಮಾಡಿದವನ ಕತ್ತು ಹಿಡಿಯೋಕೆ ಇರಬೇಕು ಎಂದು ಹೇಳಿ ಇಸ್ತ್ರಿಯವನು ಅಂಗಿಯ ಕಾಲರನ್ನು ಒತ್ತಿದ. ಓರೆ ತನ್ನ ಕತ್ತು ಮುಟ್ಟಿ ನೋಡಿಕೊಂಡ.

ಮತ್ತೆ ಅಂಗಡಿಗೆ. ದಾರಿಯಲ್ಲಿ ಸೈಕಲ್ಲಿನ ಚೈನು ಎರಡು ಸಲ ಕಳಚಿತು. ಕೈಯೆಲ್ಲ ಮಸಿ. ಆ ಕೈಯಲ್ಲೇ ಬೆವರೊರೆಸಿಕೊಂಡು ಮುಖವೂ ಮಸಿ. ಮಾಲೀಕ ಅವನನ್ನು ಗುರುತಿಸಲು ಸ್ವಲ್ಪ ಹೊತ್ತು ತೆಗೆದುಕೊಂಡ. ಆಮೇಲೆ, ಮೇಡಂ ಬಂದಿದ್ದರು, ಕಾದು ಕಾದು ಸಾಕಾಯಿತು, ನಿಮ್ಮ ದೊಡ್ಡಪ್ಪನ ಮನೆ ತೋರಿಸಿ ಕಳಿಸಿದೆ, ಒಳ್ಳೆಯದು ಮಾಡಿದೆ ಅಲ್ಲವೇ ಎಂದ. ಓರೆ ಸೈಕಲ್ಲಿನತ್ತ ತಿರುಗಿದ. ಗೋಡೆಯ ಮೇಲಿನ ನಗುಮುಖಗಳೆಲ್ಲ ತನ್ನನ್ನೇ ನೋಡಿ ನಗುತ್ತಿವೆ ಅನ್ನಿಸಿತು.

ಅವನು ದೊಡ್ಡಪ್ಪನ ಮನೆ ಮುಟ್ಟಿದಾಗ ನಾಲ್ಕು ಗಂಟೆ ಹೊಡೆದು ಇಪ್ಪತ್ತು ನಿಮಿಷ. ಕೋಣೆ ತುಂಬ ಕುರ್ಚಿ, ಕುರ್ಚಿ ತುಂಬ ಜನ. ಫೋಟೋದ ಕೆಳಗೆ ಗಾಜಿನ ಲೋಟದಲ್ಲಿ ಹೂವು. ಅತ್ತೆ ಮಾತಾಡುತ್ತಿದ್ದಳು. ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ, ಬಿಚ್ಚಿದ ಕಂದು ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಕೋಲು ನಿಲ್ಲಿಸಿದ ಹಾಗೆ ಒಬ್ಬರು ಮುದುಕಿ ಕೂತಿದ್ದರು. ಎಡಗೈಯಲ್ಲಿ ಗಡಿಯಾರ. ಅದೇ ಗಡಿಯಾರ.

ಓರೆ ಬಗ್ಗಿಕೊಂಡು ಹೋಗಿ ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ತಪ್ಪಾಯಿತು ಮೇಡಂ, ಪೆನ್ಸಿಲ್ ಕಳೆದಿತ್ತು, ಈಗಲೇ ಬದಲಾಯಿಸಿ ಕೊಡುತ್ತೇನೆ ಎಂದು ಪಿಸುಗುಟ್ಟಿದ. ತಕ್ಕಡಿ ಮೇಡಂ ಅವನ ಕಡೆ ತಿರುಗಲಿಲ್ಲ. ಸುಮ್ಮನಿರು ಎಂಬಂತೆ ಒಂದು ಬೆರಳೆತ್ತಿದರು.

"ಈ ಕಣ್ಣುಗಳನ್ನ ನೋಡಿ," ಎನ್ನುತ್ತಿದ್ದಳು ಅತ್ತೆ ಫೋಟೋದ ಕಡೆ ಕೈ ಚಾಚಿ. "ಮೇಲೆ ಬಿಗಿ. ಒಳಗೆ ಬರೀ ಕರುಳು. ಇಂಥ ಕಣ್ಣಿನವರು ಒಬ್ಬರನ್ನೂ ಕೈ ಬಿಡಲ್ಲ."

ಮೇಡಂ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ದೊಡ್ಡಪ್ಪ ಎದ್ದರು. ತಾನು ಹದಿನೆಂಟಕ್ಕೆ ಮನೆ ಬಿಟ್ಟು ಓಡಿಹೋಗಲು ಹೊರಟಿದ್ದನ್ನು, ಸಂಜೆಯ ಎಣಿಕೆಯಲ್ಲಿ ಒಂದು ತಲೆ ಕಡಿಮೆ ಬಂದದ್ದನ್ನು, ಅಜ್ಜಿ ಬಸ್ ನಿಲ್ದಾಣಕ್ಕೆ ಬಂದು ಹೊರಟಿದ್ದ ಬಸ್ಸಿನ ಮುಂದೆ ನಿಂತದ್ದನ್ನು ಹೇಳಿದರು. ಡ್ರೈವರ್ ಪಕ್ಕಕ್ಕೆ ಸರಿಯಮ್ಮ ಎಂದದ್ದಕ್ಕೆ, ನನ್ನ ಮೊಮ್ಮಗನ್ನ ಇಳಿಸಿ ನೀನು ಸರಿ ಎಂದಳಂತೆ. ಮೀಸೆ ಬಂದವನನ್ನು ಕಿವಿ ಹಿಡಿದು ಊರ ನಡುವೆ ನಡೆಸಿಕೊಂಡು ಬಂದಳಂತೆ. ರಸ್ತೆ ಅಗಲ ಮಾಡಲು ಮನೆಯ ಗೋಡೆ ಕೆಡವಲು ಬಂದ ದಿನ ಒಂಬತ್ತು ಮಂಚಗಳನ್ನೂ ಬೀದಿಗೆ ಎಳೆಸಿ, ಮೊದಲು ಇವರು ಎಲ್ಲಿ ಮಲಗಬೇಕು ಹೇಳು, ಆಮೇಲೆ ಗುದ್ದಲಿ ಎತ್ತು ಎಂದು ಅಧಿಕಾರಿಯ ಮುಂದೆ ಕೂತದ್ದನ್ನೂ ಹೇಳಿದರು. ರಸ್ತೆ ಇವತ್ತಿಗೂ ಆ ಮನೆಯ ಹತ್ತಿರ ಬಂದು ಸೊಂಟ ತಿರುಗಿಸಿಕೊಂಡು ಹೋಗುತ್ತದೆ.

"ಮೇಡಂ, ದಯವಿಟ್ಟು," ಎಂದ ಓರೆ. "ಐದಕ್ಕೆ ನಮ್ಮಜ್ಜಿ ಬರ್ತಾಳೆ. ಕಣ್ಣು ಬಿಟ್ಟು ಮೊದಲು ನೋಡೋದು ಇದನ್ನೇ."

ಮೇಡಂ ಈಗ ಅವನ ಕಡೆ ತಿರುಗಿದರು.

"ಮೂವತ್ತಾರು ವರ್ಷ ತಕ್ಕಡಿ ನೋಡಿದೆ ಕಣಪ್ಪ. ಒಂದು ಗುಂಜಿ ಆಚೆ ಈಚೆ ಬಿಟ್ಟವಳಲ್ಲ. ನಿವೃತ್ತಿ ದಿನ ಒಂದು ಮಾತು ಆಡಲಿಲ್ಲ ಯಾರೂ. ಹೋದ್ಲಲ್ಲ ಅಂತ ಬೀದಿಯವರು ಮಿಠಾಯಿ ಹಂಚಿದ್ರು, ಅದನ್ನೂ ಕಡಿಮೆ ತೂಕದಲ್ಲಿ. ಸತ್ತ ಮೇಲೂ ಯಾರೂ ಹಾಕೋರಿಲ್ಲ ಅಂತ ನನ್ನ ಫೋಟೋಗೆ ನಾನೇ ಕಟ್ಟು ಹಾಕಿಸೋಕೆ ಕೊಟ್ಟೆ. ಇಲ್ಲಿ ನೋಡಿದ್ರೆ ಇಷ್ಟು ಜನ ನನ್ನ ಕಣ್ಣು ನೋಡಿ ಅಳ್ತಾ ಇದಾರೆ. ಇಳಿಸ್ತೀನಿ ಅಂತೀಯಲ್ಲ. ಇಳಿಸೋಕೆ ಬಿಡಲ್ಲ. ಅದು ಅಲ್ಲೇ ಇರುತ್ತೆ."

ಓರೆಗೆ ಅವರ ಮೇಲೆ ಕನಿಕರ ಬಂತು, ಅಷ್ಟೇ ಸಿಟ್ಟೂ ಬಂತು. ಗೋಡೆ ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಹೊರಗೆ ಗೇಟಿನ ಹತ್ತಿರ ಗಾಡಿ ನಿಂತ ಸದ್ದಾಯಿತು. ಬಸ್ಸಿನ ಮುಂದೆ ನಿಂತವಳ, ಗುದ್ದಲಿಯ ಮುಂದೆ ಕೂತವಳ ಮರಿಮಗ ತಾನು ಎಂಬುದು ಅವನಿಗೆ ಅದೇ ಗಳಿಗೆಯಲ್ಲಿ ಹೊಳೆಯಿತು. ನಲವತ್ತಮೂರು ವರ್ಷದಲ್ಲಿ ಮೊದಲ ಸಲ ಹೊಳೆಯಿತು. ಮೇಡಂ ತೊಡೆಯ ಮೇಲಿನ ಪೊಟ್ಟಣವನ್ನು ಎತ್ತಿಕೊಂಡು, ಮಸಿ ಮುಖದಲ್ಲೇ ಕುರ್ಚಿಗಳ ನಡುವೆ ನುಗ್ಗಿ, ದೊಡ್ಡಪ್ಪ ಮಾತಾಡುತ್ತಿದ್ದ ಹಾಗೇ ಅವರ ಪಕ್ಕದಲ್ಲಿ ಸ್ಟೂಲು ಎಳೆದು ಹತ್ತಿ ನಿಂತ.

"ಇಳಿಯೋ ಓರೆ," ಎಂದರು ದೊಡ್ಡಪ್ಪ ಹಲ್ಲಿನ ಸಂದಿಯಿಂದ.

"ಇಳಿಯಲ್ಲ ದೊಡ್ಡಪ್ಪ. ನನ್ನನ್ನ ಮನೆಯಿಂದ ಹೊರಗೆ ಹಾಕಿ, ಪರವಾಗಿಲ್ಲ. ಈ ಫೋಟೋದವರು ನಮ್ಮ ಮುತ್ತಜ್ಜಿ ಅಲ್ಲ. ಇವರು ಸತ್ತೂ ಇಲ್ಲ. ಹಿಂದಿನ ಸಾಲಲ್ಲಿ ಕೂತಿದಾರೆ, ನೋಡಿ."

ಐವತ್ತು ಕತ್ತುಗಳು ಒಟ್ಟಿಗೆ ತಿರುಗಿದವು. ತಕ್ಕಡಿ ಮೇಡಂ ಎದ್ದು ನಿಂತು, ಎಡಗೈ ಎತ್ತಿ ಗಡಿಯಾರ ತೋರಿಸಿದರು. ಅತ್ತೆ ಫೋಟೋ ನೋಡಿದಳು, ಮೇಡಂ ಅವರನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು, ಕೈಲಿದ್ದ ಕರವಸ್ತ್ರವನ್ನು ಮಡಿಸಿ ಒಳಗಿಟ್ಟುಕೊಂಡಳು. ಆ ಗಡಿಯಾರವನ್ನು ಮಕ್ಕಳ ಪುಸ್ತಕಕ್ಕೆ ಮಾರಿಸಿದ ಮೂಲೆಯ ದನಿ ಮೆಲ್ಲಗೆ ಅಡುಗೆಮನೆಯ ಕಡೆ ಸರಿಯಿತು.

ದೊಡ್ಡಪ್ಪ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಕೊನೆಗೆ, ಗಡಿಯಾರದ ವಿಷಯದಲ್ಲಿ ನನಗೆ ಮೊದಲೇ ಒಂದು ಅನುಮಾನ ಇತ್ತು ಎಂದರು.

ಓರೆ ಮೇಡಂ ಫೋಟೋವನ್ನು ಇಳಿಸಿ, ಪೊಟ್ಟಣದಲ್ಲಿದ್ದುದನ್ನು ತಗಲಿಸಿದ. ಗಲ್ಲಕ್ಕೆ ಕೈ ಕೊಟ್ಟು ನಗುವ ಮುಖ ಗೋಡೆಯ ಮೇಲೆ ಬೆಳಗಿತು. ಇದು ಅಜ್ಜಿ, ಇದು ನಿಜವಾಗಿ ಅಜ್ಜಿ ಎಂದು ಜನ ಗುಜುಗುಜು ಮಾಡಿದರು. ದೊಡ್ಡಪ್ಪ ಅವನ ಬೆನ್ನು ತಟ್ಟಿದರು. ಅವರು ಹಾಗೆ ತಟ್ಟಿದ್ದು ಅದೇ ಮೊದಲು. ಓರೆಗೆ ಎದೆ ತುಂಬಿ ಬಂತು. ಮೇಡಂ ತಮ್ಮ ಫೋಟೋವನ್ನು ಎದೆಗೊತ್ತಿಕೊಂಡು ಗೋಡೆಯ ಪಕ್ಕದಲ್ಲಿ ನಿಂತಿದ್ದರು. ಅವರ ಕಡೆ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

ಆಗ ಅಜ್ಜಿಯನ್ನು ಕೈ ಹಿಡಿದು ಒಳಗೆ ಕರೆತಂದರು. ಎಲ್ಲರೂ ದಾರಿ ಬಿಟ್ಟರು. ದೊಡ್ಡಪ್ಪ ತಾವೇ ತಾಯಿಯನ್ನು ಫೋಟೋದ ಮುಂದೆ ನಿಲ್ಲಿಸಿ, "ಅಮ್ಮ, ಈಗ ಕಣ್ಣು ಬಿಡು. ಯಾರು ನೋಡು" ಎಂದು ಕಪ್ಪು ಕನ್ನಡಕ ತೆಗೆದರು.

ಅಜ್ಜಿ ನೋಡಿದಳು. ಕಣ್ಣು ಕಿರಿದು ಮಾಡಿ ನೋಡಿದಳು. ಮೆಲ್ಲಗೆ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ಅತ್ತೆ ಕರವಸ್ತ್ರ ಮತ್ತೆ ತೆಗೆದಳು. ಅಜ್ಜಿ ನಗುತ್ತಿದ್ದಳು.

"ಇವಳಾ?" ಎಂದಳು. "ಇವಳು ಇನ್ನೂ ಇದಾಳಾ?"

ಯಾರಮ್ಮ ಎಂದರು ದೊಡ್ಡಪ್ಪ. ಅವರ ದನಿ ಸಣ್ಣಗಾಗಿತ್ತು.

"ಯಾರೋ, ನನಗೇನು ಗೊತ್ತು. ಫ್ರೇಮಿನ ಜೊತೆ ಬಂದವಳು."

ಆಮೇಲೆ ಕುರ್ಚಿ ತರಿಸಿ ಕೂತು ಹೇಳಿದಳು. ಅವಳು ಸಣ್ಣವಳಿದ್ದಾಗ ಅಪ್ಪ ಒಂದು ಫ್ರೇಮು ಕೊಂಡು ತಂದರಂತೆ, ಅವ್ವನ ಫೋಟೋ ತೆಗೆಸಿ ಹಾಕಲು. ಒಳಗೆ ಅಂಗಡಿಯವರು ಇಟ್ಟಿದ್ದ ಈ ಹೆಂಗಸು ಇದ್ದಳು. ಅವ್ವ ಸ್ಟುಡಿಯೋಗೆ ಮೂರು ಸಲ ಹೋದಳು. ಒಂದು ಸಲ ಮಗುವಿಗೆ ಜ್ವರ ಬಂತೆಂದು ಅರ್ಧ ದಾರಿಯಿಂದ ತಿರುಗಿದಳು. ಇನ್ನೊಂದು ಸಲ ಕುರ್ಚಿಯಲ್ಲಿ ಕೂತ ಮೇಲೆ, ದೊಡ್ಡವನು ಶಾಲೆಯಿಂದ ಬಂದನೋ ಇಲ್ಲವೋ ಎಂದು ಎದ್ದು ಬಂದಳು. ಮೂರನೇ ಸಲ ಒಂಬತ್ತೂ ಮಕ್ಕಳನ್ನು ಕರೆದುಕೊಂಡು ಹೋದಳು. ಇಷ್ಟು ಜನಕ್ಕೆ ಜಾಗವಿಲ್ಲ, ನೀವೊಬ್ಬರೇ ಕೂರಿ ಎಂದ ಸ್ಟುಡಿಯೋದವನು. ನನ್ನ ಮಕ್ಕಳಿಗೆ ಜಾಗ ಇಲ್ಲದ ಫೋಟೋ ನನಗೆ ಯಾಕೆ ಎಂದು ಬೈದು ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ.

"ಇವಳನ್ನ ಬಿಸಾಕು ಅಂದ್ರು ಅಪ್ಪ. ಪಾಪ, ನಗ್ತಾ ಬಂದವಳನ್ನ ಹೇಗೆ ಬಿಸಾಕೋದು, ಪೆಟ್ಟಿಗೇಲಿ ಇರ್ಲಿ ಅಂದ್ಲು ಅವ್ವ. ಕೇಳಿದ ಮಕ್ಕಳಿಗೆಲ್ಲ ನಾನೇ ಅಂತ ಹೇಳೋಳು. ಆಮೇಲೆ ಒಬ್ಳೇ ನಗೋಳು." ಅಜ್ಜಿ ಓರೆಯ ಕಡೆ ತಿರುಗಿದಳು. "ನಿನ್ನ ಅಂಗಡಿ ತುಂಬ ಇರ್ತಾರಲ್ಲೋ ಇಂಥವರು. ಅವರ ಕೆಳಗೆ ಅಳತೆ ಬರೆದಿರೋದು ನೋಡಿಲ್ವಾ ನೀನು?"

ಹತ್ತು, ಹನ್ನೆರಡು. ಹತ್ತು ಅಂಗುಲ ಅಗಲ, ಹನ್ನೆರಡು ಅಂಗುಲ ಉದ್ದ. ಇಪ್ಪತ್ತು ವರ್ಷ ದಿನಾ ಕೊಯ್ದ ಅಳತೆ. ಓರೆ ಡಿಸೆಂಬರ್ ಹತ್ತನ್ನು ನೆನೆದು ಸ್ಟೂಲಿನ ಮೇಲೆ ಮೆಲ್ಲಗೆ ಕೂತ.

ಬೆನ್ನು ತಟ್ಟಿದ್ದ ಕೈಯನ್ನು ದೊಡ್ಡಪ್ಪ ಜೇಬಿಗೆ ಹಾಕಿಕೊಂಡರು. ಗೋಡೆ ಖಾಲಿ ಬಿಡುವಂತಿಲ್ಲ, ನೆಂಟರು ಕೂತಿದ್ದಾರೆ, ಇನ್ನೂ ಇಬ್ಬರು ಮಾತಾಡಬೇಕು ಎಂದರು. ಯಾರೂ ಅಲ್ಲದವಳಿಗಿಂತ, ಎಲ್ಲರೂ ಒಂದು ಸಲ ಅತ್ತು ಮುಗಿಸಿರುವ ಮುಖವೇ ವಾಸಿ. ಈ ಮಾತು ಅವರ ಬಾಯಿಂದ ಪೂರಾ ಹೊರಡುವ ಮೊದಲೇ ತಕ್ಕಡಿ ಮೇಡಂ ತಮ್ಮ ಫೋಟೋವನ್ನು ಓರೆಯ ಕೈಗೆ ಕೊಟ್ಟಾಗಿತ್ತು.

ಓರೆ ಆ ದಿನ ಮೂರನೆಯ ಸಲ ಸ್ಟೂಲು ಹತ್ತಿದ. ಇಳಿದ. ಮೇಡಂ ಚೀಲದಿಂದ ಅಂಗೈಯಗಲದ ರಸಮಟ್ಟ ತೆಗೆದು ಫ್ರೇಮಿನ ಮೇಲಿಟ್ಟು, ಒಳಗಿನ ಗುಳ್ಳೆ ಜಾರಿದ್ದನ್ನು ನೋಡಿದರು.

"ಕಾಲು ಅಂಗುಲ ಎಡಕ್ಕೆ ಓರೆ," ಎಂದರು.

ಸರಿ ಮಾಡೋ ಎಂದರು ದೊಡ್ಡಪ್ಪ.

"ಮಾಡಲ್ಲ," ಎಂದ ಓರೆ. ಅವನ ಮುಖದ ಮಸಿಯ ಮೇಲೆ ಎರಡು ಗೆರೆ ಇಳಿದಿದ್ದವು. "ಇಷ್ಟೆಲ್ಲ ಮಾಡಿದೀನಲ್ಲ, ಇದೂ ಇರ್ಲಿ. ಇದು ಹೀಗೇ ಇರೋದು."

ಯಾರು ಏನು ಹೇಳುತ್ತಿದ್ದರೋ. ಅಷ್ಟರಲ್ಲಿ ಅಜ್ಜಿ ಎದ್ದು ಬಂದು ಫೋಟೋದ ಮುಂದೆ ನಿಂತಳು. ಕತ್ತನ್ನು ಎಡಕ್ಕೆ ಕೊಂಚ ವಾಲಿಸಿದಳು.

"ನೆಟ್ಟಗೇ ಇದೆಯಲ್ಲೋ," ಎಂದಳು.

ಅವಳ ಹಿಂದೆ ಅತ್ತೆಯ ಕತ್ತು ವಾಲಿತು. ಅತ್ತೆಯ ಹಿಂದೆ ಅವಳ ಮಕ್ಕಳದು. ದೊಡ್ಡಪ್ಪ ಒಂದಷ್ಟು ಹೊತ್ತು ಬಿಗಿಯಾಗಿ ನಿಂತಿದ್ದು, ಕೊನೆಗೆ ಅವರೂ ವಾಲಿಸಿದರು. ಎಲ್ಲರೂ ಒಂದೇ ಥರ, ಒಂದೇ ಕಡೆಗೆ.

ಇರಲಿ, ಎಲ್ಲ ಸೇರಿದ್ದೀವಿ, ಒಂದು ಗುಂಪು ಫೋಟೋ ಆಗಲಿ ಎಂದು ಯಾರೋ ಅಂದರು. ಕುರ್ಚಿ ಸರಿಸಿ ಮನೆಯವರೆಲ್ಲ ಸಾಲಾಗಿ ನಿಂತರು, ಅಜ್ಜಿಯನ್ನು ನಡುವೆ ಕೂರಿಸಿದರು. ಸಿದ್ಧ ಎನ್ನುವ ಗಳಿಗೆಗೆ ಸರಿಯಾಗಿ ಅಜ್ಜಿ ಹೊಸ ಕಣ್ಣಿನಲ್ಲಿ ಹಿಂದೆ ತಿರುಗಿ, ಬೆರಳೆತ್ತಿ ಎಣಿಸತೊಡಗಿದಳು.

"ಮೂವತ್ತೊಂದು ಇರ್ಬೇಕು. ಮೂವತ್ತೆರಡು ಇದೆಯಲ್ಲ. ಯಾರು ಜಾಸ್ತಿ?"

ಕೊನೆಯ ಸಾಲಿನಲ್ಲಿ ತಕ್ಕಡಿ ಮೇಡಂ ನೆಲ ನೋಡಿದರು. ಅಜ್ಜಿ ಅವರನ್ನು ನೋಡಿದಳು, ಗೋಡೆಯನ್ನು ನೋಡಿದಳು, ಮತ್ತೆ ಮೊದಲಿಂದ ಎಣಿಸಿದಳು.

"ಮೂವತ್ತೆರಡು. ಸರಿ ಇದೆ. ತೆಗೀಪ್ಪ."

ಆ ಫೋಟೋಗೂ ಓರೆಯೇ ಕಟ್ಟು ಹಾಕಿದ. ಅದರಲ್ಲಿ ಅಜ್ಜಿಯ ಬೆನ್ನಿದೆ, ಎಣಿಸುವ ಬೆರಳಿದೆ. ಸ್ಟೂಲು ಎತ್ತಿಡಲು ಬಗ್ಗಿದ್ದ ಓರೆಯ ಒಂದು ಮೊಣಕೈ ಇದೆ. ಈಗ ಎರಡು ಫೋಟೋಗಳೂ ಆ ಗೋಡೆಯ ಮೇಲೆ ಅಕ್ಕಪಕ್ಕ, ಒಂದೇ ಕಡೆಗೆ ವಾಲಿಕೊಂಡಿವೆ. ತಕ್ಕಡಿ ಮೇಡಂ ಪ್ರತಿ ಭಾನುವಾರ ಊಟಕ್ಕೆ ಬಂದು, ತಮ್ಮ ಫೋಟೋದ ಕೆಳಗೇ ಕೂತು, ರಸಮಟ್ಟ ಇಟ್ಟು ನೋಡಿ, ಇನ್ನೂ ಓರೆ ಇದೆ ಎಂದು ಅವನಿಗೆ ಹೇಳಿ ಹೋಗುತ್ತಾರೆ. ಪೆನ್ಸಿಲ್ ಮಾತ್ರ ಆ ಸಂಜೆಯೇ ಸಿಕ್ಕಿತು. ಅವನ ಎಡಗಿವಿಯ ಹಿಂದೆ ಇತ್ತು.